ಬಾನೆಟ್ಟಿನ ಮೇಲಿನ ಅಜ್ಜ

"ಎತ್ತು ನಡಕೋತ ಉಚ್ಚಿ ಹೊಯ್ದಂಗ ಐತಿ ಇವನ ಸಾಲು" ಎಂದರು ಮಲಕಪ್ಪ ಕಾಕಾ.

ಹೇಳಿದ್ದು ತೇರಗಾಂವದ ಬಸ್‌ಸ್ಟ್ಯಾಂಡಿನ ಎದುರು, ಗೂಳಪ್ಪನ ಚಹದಂಗಡಿಯಲ್ಲಿ. ಹಳಿಯಾಳದ ಬಸ್ಸಿಗೆ ಕಾಯುವವರು, ಡೇರಿಗೆ ಹಾಲು ಹಾಕಿ ಬಂದವರು, ಏನೂ ಕೆಲಸವಿಲ್ಲದೆ ಕೂತವರು, ಎಲ್ಲರೂ ಇರುವ ಹೊತ್ತು ಅದು. ಬಾಯಲ್ಲಿ ಹೇಳಿದ್ದು ಸಾಲದೆಂದು ಕಾಕಾ ಎದ್ದು ನಿಂತು, ಎತ್ತು ಹೋದ ದಾರಿಯನ್ನು ಬೆರಳಿನಿಂದ ಗಾಳಿಯಲ್ಲಿ ಬರೆದೂ ತೋರಿಸಿದರು. ಈ ಕಡೆ, ಆ ಕಡೆ, ಮತ್ತೆ ಈ ಕಡೆ.

ನಾನು ಅಲ್ಲೇ ಇದ್ದೆ. ಬಿಸಿ ಚಹ ಕೈಯಲ್ಲಿತ್ತು. ಅದನ್ನು ಎಲ್ಲಿ ಸುರಿಯಬೇಕೆಂದು ನನಗೆ ಸರಿಯಾಗಿ ಗೊತ್ತಿತ್ತು, ಆದರೆ ಸುರಿಯಲಿಲ್ಲ.

ಗೂಳಪ್ಪ ಮೊಬೈಲು ತೆಗೆದು ಎಲ್ಲರಿಗೂ ಒಂದು ಫೋಟೋ ತೋರಿಸಿದ. ಕಾಕಾನ ಗೋವಿನಜೋಳದ ಹೊಲದಲ್ಲಿ, ಅವರ ಟ್ರ್ಯಾಕ್ಟರಿನ ಡ್ರೈವರನಾದ ನಾನು ಹೊಡೆದ ಸಾಲು. "ನಾ ಇದನ್ನ ಅನಮೋಡ ಘಾಟಿನ ರಸ್ತೆ ಅಂತ ತಿಳದಿದ್ದೆ. ಲಾರಿ ಎಲ್ಲಿ ಅಂತ ಹುಡಕಾಕತ್ತಿದ್ದೆ."

ಎಲ್ಲರೂ ನಕ್ಕರು. ಶಂಕ್ರವ್ವ ಮಾತ್ರ ನಗಲಿಲ್ಲ. ಊರಿನ ಕಬ್ಬಿನವರಲ್ಲಿ ಅವಳ ಮಾತಿಗೆ ತೂಕ ಜಾಸ್ತಿ. ಅವಳು ಯಾರ ಗಾಡಿ ಕರೆಸುತ್ತಾಳೋ ಉಳಿದವರೂ ಅದನ್ನೇ ಕರೆಸುತ್ತಾರೆ. ಮುಂದಿನ ವಾರ ಅವಳ ಕಬ್ಬಿಗೆ ನಮ್ಮ ಗಾಡಿ ಹೋಗಬೇಕಿತ್ತು, ಸಾಲಿನ ನಡುವಿನ ಮಣ್ಣನ್ನು ಬುಡಕ್ಕೆ ಏರಿಸಲು.

"ಮಲಕಪ್ಪಾ, ನನ್ನ ಹೊಲಕ್ಕ ಇವನ್ನ ಕಳಸಾಂವಿದ್ರ ಗಾಡೀನ ಬ್ಯಾಡ" ಎಂದಳು. "ಮುಂಡಗೋಡದಿಂದ ಬ್ಯಾರೇದು ತರಸ್ತೇನಿ. ನಿನ್ನ ಎತ್ತಿಗೆ ಉಚ್ಚಿ ಹೊಯ್ಯಾಕ ನಾ ಕಬ್ಬು ಹಚ್ಚಿಲ್ಲ."

"ಆಯಿ, ನಿನ್ನ ಕಬ್ಬಿನ್ಯಾಗ ಒಂದ ಸಸಿ ಮುರೀಲಿ, ಇವನ ಕೈಯಾಗಿನ ಕೀಲಿ ಅಲ್ಲೇ ಕಸ್ಕೋತೇನಿ" ಎಂದರು ಕಾಕಾ. "ಎಲ್ಲಾರ ಮುಂದ ಹೇಳೇನಿ. ಕೇಳಿದೇನೋ ರಾಕ್ಯಾ?"

ಕೇಳಿದೆ. ಆ ಸಾಲು ಯಾಕೆ ಹಾಗಾಯಿತೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಮೆಲ್ಲಗಂತೂ ಹೇಳುತ್ತಿರಲಿಲ್ಲ.

ನಮ್ಮದು ಸಣ್ಣ ಟ್ರ್ಯಾಕ್ಟರು. ಕಬ್ಬಿನ ಎರಡು ಸಾಲಿನ ನಡುವೆ ನುಸುಳಿ ಹೋಗುವಷ್ಟು ಸಣ್ಣದು. ಮಾಡಿದವರು ಓಡಿಸುವವನನ್ನು ನೆನೆದೇ ಮಾಡಿದ್ದರು. ಕುಂತಲ್ಲಿಂದ ಮುಂದಿನ ಗಾಲಿ ಎರಡೂ ಕಾಣಲೆಂದು ಬಾನೆಟ್ಟನ್ನು ಮುಂದಕ್ಕೆ ಇಳಿಜಾರು ಮಾಡಿದ್ದರು. ಉದ್ದ ಕಾಲಿನವನು ಹಿಂದೆ ಸರಿದು ಕೂರಲೆಂದು ಸೀಟಿನ ಕೆಳಗೆ ಒಂದು ಹಿಡಿಕೆ ಇಟ್ಟಿದ್ದರು. ಮಡ್‌ಗಾರ್ಡಿನ ಮೇಲೆ ಯಾರೂ ಕೂರಬಾರದೆಂದು ಅಲ್ಲೇ ಚಿತ್ರ ಅಂಟಿಸಿದ್ದರು. ಮಲಕಪ್ಪ ಕಾಕಾ ಇದರಲ್ಲಿ ಒಂದನ್ನೂ ಬಿಡದೆ ಹುಡುಕಿ ಹುಡುಕಿ ಕೆಡಿಸಿದ್ದರು.

ಕಾಕಾ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತಿಯಾಗಿ ಹೆಂಡತಿಯ ಊರಾದ ತೇರಗಾಂವಕ್ಕೆ ಬಂದವರು. ಟ್ರ್ಯಾಕ್ಟರು ಮನೆಗೆ ಬಂದ ವರ್ಷದ ಆಯುಧ ಪೂಜೆಗೆ ಬಾನೆಟ್ಟಿನ ಮೇಲೆ ಒಂದು ದೊಡ್ಡ ತಗಡಿನ ಕಮಾನು ನಿಲ್ಲಿಸಿದರು. ಅದರ ನಡುವೆ ತೀರಿಹೋದ ಅವರಪ್ಪನ ಫೋಟೋ, ಸುತ್ತ ಪ್ಲಾಸ್ಟಿಕ್ ಚೆಂಡುಹೂವು, ಕೆಳಗೆ ರೇಡಿಯಂ ಅಕ್ಷರದಲ್ಲಿ 'ಅಂದಾನೆಪ್ಪನವರ ಆಶೀರ್ವಾದ'. ಎದುರಿಗೆ ಬರುವವರಿಗೆ ಅಜ್ಜನ ಮುಖ, ಮೀಸೆ, ತಲೆಗೆ ಸುತ್ತಿದ ಪಟಗಾ ಎಲ್ಲ ಚಂದ ಕಾಣುತ್ತಿತ್ತು. ನನಗೆ ಅಜ್ಜನ ಬೆನ್ನು ಕಾಣುತ್ತಿತ್ತು, ಅಂದರೆ ತುಕ್ಕು ಹಿಡಿದ ತಗಡು. ಮುಂದಿನ ಗಾಲಿ ಎಲ್ಲಿದೆ ಎಂದು ನೋಡಲು ನಾನು ಪಕ್ಕಕ್ಕೆ ಬಾಗಬೇಕು. ಬಲಗಡೆ ಬಾಗೋಣ ಎಂದರೆ ಅಲ್ಲಿ ಮಡ್‌ಗಾರ್ಡಿನ ಮೇಲೆ ಸ್ವತಃ ಕಾಕಾ, ತಂಬಾಕು ತಿಕ್ಕುತ್ತ, ಹೊಟ್ಟೆ ನನ್ನ ಮೊಣಕೈಗೆ ತಾಗಿಸಿಕೊಂಡು. ಹಾಗಾಗಿ ಎಡಕ್ಕೆ ಬಾಗುತ್ತಿದ್ದೆ. ನಾನು ಎಡಕ್ಕೆ ಬಾಗಿದರೆ ಗಾಡಿಯೂ ಎಡಕ್ಕೆ. ನೆಟ್ಟಗೆ ಕೂತು ತಿದ್ದುವುದರಲ್ಲಿ ಬಲಕ್ಕೆ. ಎತ್ತು ಉಚ್ಚೆ ಹೊಯ್ದದ್ದು ಹೀಗೆ.

ಇನ್ನು ಸೀಟು. ಅದರ ಬೆನ್ನಿಗೇ ಕಾಕಾ ಒಂದು ದೊಡ್ಡ ಸೌಂಡ್ ಬಾಕ್ಸ್ ಕೂರಿಸಿದ್ದರು. ಹಿಡಿಕೆ ಎಷ್ಟು ಎಳೆದರೂ ಸೀಟು ಹಿಂದಕ್ಕೆ ಹೋಗದು. ನಮ್ಮವ್ವ ಸೋನುಬಾಯಿ ಕುಂಬಾರವಾಡದ ಕಡೆಯವಳು. ಅವಳ ತವರಿನ ಸಿದ್ದಿ ಗಂಡಸರು ಯಾವ ಬಾಗಿಲನ್ನೂ ಬಗ್ಗದೆ ದಾಟಿದವರಲ್ಲ, ನಾನೂ ಅದೇ ಅಳತೆಯವನು. ಎಂಟನೇ ತರಗತಿಯಲ್ಲಿ ಬೆಂಚಿನ ಕೆಳಗೆ ಕಾಲು ಹಿಡಿಯದ್ದಕ್ಕೆ ಶಾಲೆ ಬಿಟ್ಟೆ ಎಂದು ಹೇಳಿಕೊಂಡು ತಿರುಗುತ್ತೇನೆ. ಅದು ಪೂರ್ತಿ ಸುಳ್ಳೂ ಅಲ್ಲ. ಟ್ರ್ಯಾಕ್ಟರಿನ ಮೇಲೆ ನನ್ನ ಮೊಣಕಾಲು ಸ್ಟೇರಿಂಗಿನ ಆಚೀಚೆ ಮಿಡತೆಯ ಕಾಲಿನಂತೆ ಮೇಲೆದ್ದಿರುತ್ತಿದ್ದವು. ತಿರುಗಿಸಿದಾಗಲೆಲ್ಲ ಒಂದೊಂದು ಏಟು. ಇಷ್ಟರ ಮೇಲೆ, ಸೀಟು ಹೊಸದಾಗಿಯೇ ಇರಲೆಂದು ಶೋರೂಮಿನ ಪ್ಲಾಸ್ಟಿಕ್ಕನ್ನು ಬಿಚ್ಚಿರಲಿಲ್ಲ. ಬಿಸಿಲೇರಿದ ಮೇಲೆ ಅದರ ಮೇಲೆ ಕೂರುವುದೆಂದರೆ ಬೆವರಿನಲ್ಲಿ ಜಾರುಬಂಡಿ.

ಕಮಾನನ್ನು ಬಿಚ್ಚಿರೆಂದು ನಾನು ಮೊದಲೇ ಒಮ್ಮೆ ನೇರವಾಗಿ ಕೇಳಿದ್ದೆ. "ನಮ್ಮಪ್ಪನ್ನ ಬಿಚ್ಚು ಅಂತೀಯಾ?" ಎಂದು ಕಾಕಾ ಕಣ್ಣು ಕೆಂಪಗೆ ಮಾಡಿದ್ದರು. ಪೂಜೆ ಮಾಡಿ ಕುಂಕುಮ ಹಚ್ಚಿದ ಅಪ್ಪನನ್ನು ಸ್ಪ್ಯಾನರು ಹಾಕಿ ಬಿಚ್ಚುವ ಮಗ ತೇರಗಾಂವದಲ್ಲಿ ಇನ್ನೂ ಹುಟ್ಟಿಲ್ಲ.

ಆ ದಿನ ಸಂಜೆ ಮನೆಗೆ ಬಂದು ಗೋಡೆಗೆ ಒರಗಿ ಕಾಲು ಚಾಚಿದೆ. ಚಾಚಿದೆನೋ ಇಲ್ಲವೋ, ಅವ್ವ ಕಸಬರಿಗೆಯಿಂದ ಪಾದದ ಮೇಲೆ ಬಾರಿಸಿದಳು.

"ಕಾಲು ಆ ಕಡೆ ಮಾಡಬ್ಯಾಡ. ಹಿರಿಯಾರು ಅದಾರ."

ನಮ್ಮ ಮನೆಯ ಮೂಲೆಯಲ್ಲಿ ಹಿರಿಯರ ಹೆಸರಿನ ತೆಂಗಿನಕಾಯಿ ಇಟ್ಟು ಪೂಜಿಸುತ್ತೇವೆ. ಆ ದಿಕ್ಕಿಗೆ ಕಾಲು ಚಾಚುವುದು ತಪ್ಪು. ನಾನು ಕಾಲು ಮಡಚಿಕೊಂಡೆ. ಮಡಚಿಕೊಂಡವನು ಹಾಗೇ ಕೂತು ನಗತೊಡಗಿದೆ. ಹೊಡೆತ ತಿಂದು ನಗುವುದನ್ನು ಕಂಡು ಅವ್ವ ಕಸಬರಿಗೆಯನ್ನು ಇನ್ನೊಮ್ಮೆ ಎತ್ತಿದಳು.

ಮರುದಿನ ಬೆಳಿಗ್ಗೆ ಕೀಲಿ ತೆಗೆದುಕೊಳ್ಳುವ ನೆಪದಲ್ಲಿ ಕಾಕಾನ ಮನೆಗೆ ಹೋದೆ. ಕಾಕಾ ಸ್ನಾನಕ್ಕೆ ಹೋದ ಹೊತ್ತು. ಅವರ ಹೆಂಡತಿ ಮಾಲವ್ವ ಕಾಕು ಹಿತ್ತಲಕಟ್ಟೆಯ ಮೇಲೆ ಮೆಂತ್ಯೆ ಸೋಸುತ್ತಿದ್ದಳು. ನಾನು ಮುಖ ಸಣ್ಣದು ಮಾಡಿಕೊಂಡು ನಿಂತೆ.

"ಯಾಕೋ, ನಿನ್ನಿ ಮಾತು ಮನಸಿಗೆ ಹಚಗೊಂಡಿಯೇನ?"

"ಅದಲ್ಲ ಕಾಕು. ನನಗ ಪಾಪ ಹತ್ತೈತಿ. ಅದಕ್ಕ ಸಾಲು ನೆಟ್ಟಗ ಬರವಲ್ದು."

"ಏನ ಪಾಪ?"

"ಅಜ್ಜ ಬಾನೆಟ್ಟಿನ ಮ್ಯಾಲೆ ಅದಾರಲ್ರಿ, ಬೆನ್ನು ನನ್ನ ಕಡೆ. ನನ್ನ ಕಾಲು ಎಲ್ಲಿರತಾವು? ಸೀದಾ ಅವರ ಬೆನ್ನಿಗೆ. ಕ್ಲಚ್ ಒತ್ತಿದ್ರ ಒಂದು ಒದಿಕಿ, ಬ್ರೇಕ್ ಒತ್ತಿದ್ರ ಇನ್ನೊಂದು. ದಿನಾ ಮುಂಜಾನಿಂದ ಸಂಜೀತನಕ ನಿಮ್ಮ ಮಾವನ್ನ ಒದ್ಯಾಕತ್ತೇನ್ರಿ ಕಾಕು."

ಮಾಲವ್ವ ಕಾಕು ಕೈಯಲ್ಲಿದ್ದ ಮೆಂತ್ಯೆಯನ್ನು ಹಾಗೇ ಹಿಡಿದು ಕೂತಳು. ಕಣ್ಣ ಮುಂದೆ ಅವಳಿಗೆ ಎಲ್ಲವೂ ಕಂಡಿರಬೇಕು.

"ಶಿವನೇ" ಎಂದಳು. "ಬದುಕಿದ್ದಾಗ ಅವನ ಎದುರು ನಿಂದ್ರಾಕ ಯಾರಿಗೂ ಧೈರ್ಯ ಇರಲಿಲ್ಲ. ಈಗ ಸಿದ್ದಿ ಹುಡುಗನ ಕಡಿಂದ ಒದಿಸ್ಕೊಂಡು ಕುಂತಾನ."

"ನನಗ ಹೇಳಾಕ ನಾಚಿಕಿ ಆತ್ರಿ."

"ಹೇಳಿದ್ದ ಛಲೋ ಆತು. ನೀ ಹೋಗು."

ನಾನು ಹೋಗಲಿಲ್ಲ, ಗೋಡೆಯ ಮರೆಯಲ್ಲಿ ನಿಂತೆ. ಕಾಕಾ ಒದ್ದೆ ತಲೆಯಲ್ಲೇ ಬೈಸಿಕೊಂಡರು. ಅಪ್ಪನನ್ನು ತೆಗೆದಿಡುವುದು ಅವಮಾನ ಎಂದರು. ತೆಗೆದಿಡಿ ಎಂದವರು ಯಾರು, ಯಾರ ಕಾಲೂ ತಾಗದಲ್ಲಿ ಕೂರಿಸಿ ಎಂದಳು ಕಾಕು. ಅಂಥ ಜಾಗ ಟ್ರ್ಯಾಕ್ಟರಿನಲ್ಲಿ ಎಲ್ಲಿದೆ? ತಲೆಯ ಮೇಲೆ. ಓಡಿಸುವವನ ತಲೆಯ ಮೇಲೆ ಕೂರಿಸಬೇಕಾದರೆ ಮೊದಲು ಅಲ್ಲೊಂದು ಛಾವಣಿ ಬೇಕು. ಬಿಸಿಲಲ್ಲಿ ಬೆಂದು ನಾನು ಎರಡು ವರ್ಷದಿಂದ ಕೇಳುತ್ತಿದ್ದ ಛಾವಣಿ. ಅದೇ ಮಧ್ಯಾಹ್ನ ಕಾಕಾ ಗಾಡಿಯನ್ನು ಹಳಿಯಾಳದ ವೆಲ್ಡಿಂಗ್ ಶಾಪಿಗೆ ಹೊಡೆಸಿದರು.

ಶಾಪಿನವನು ಕಮಾನು ಬಿಚ್ಚಿ ಕೆಳಗಿಟ್ಟ. ಹೆಸರನ್ನು ಛಾವಣಿಯ ಹೊರಗೆ, ಮುಂದಿನ ಅಂಚಿಗೆ ಹಚ್ಚುವುದೆಂದು ಆಯಿತು. ಫೋಟೋ?

"ಕಾಕಾ, ಅದನ್ನ ಒಳಗ ಹಚ್ಚೂಣು, ಮುಖ ಹಿಂದ ಮಾಡಿ" ಎಂದೆ. "ಸಾಲು ಬೀಳೋದು ಹಿಂದ. ಅಜ್ಜ ರಸ್ತೆ ನೋಡ್ಕೋತ ಕುಂತ್ರ ಹೊಲ ಯಾರು ನೋಡಬೇಕು?"

ಕಾಕಾ ಫೋಟೋವನ್ನು ಹಿಂದುಮುಂದು ತಿರುಗಿಸಿ ನೋಡಿ, "ಇದು ಮಾತ್ರ ಬರೋಬ್ಬರಿ ಹೇಳಿದಿ" ಎಂದರು.

ಇಷ್ಟು ಸಲೀಸಾಗಿ ನಡೆದದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು. ಛಾವಣಿಯ ಎತ್ತರಕ್ಕೆ ಅಳತೆ ಕೊಟ್ಟವರು ಕಾಕಾ, ತಾವೇ ಸೀಟಿನ ಮೇಲೆ ಕೂತು. ಕಾಕಾ ನಿಂತರೆ ನನ್ನ ಭುಜಕ್ಕೆ ಬರುತ್ತಾರೆ. ನಾನು ಚಹ ಕುಡಿದು ಬರುವಷ್ಟರಲ್ಲಿ ಕಂಬ ಕತ್ತರಿಸಿ ಬೆಸುಗೆ ಹಾಕಿ ಆಗಿತ್ತು. ಹಳಿಯಾಳದಿಂದ ತೇರಗಾಂವದ ತನಕ ಪ್ರತಿ ತಗ್ಗಿಗೂ ನನ್ನ ನೆತ್ತಿ ತಗಡಿಗೆ ಬಡಿಯಿತು. ಕುತ್ತಿಗೆ ಬಗ್ಗಿಸಿ ಓಡಿಸಿದೆ. ಊರಲ್ಲಿ ನೋಡಿದವರಿಗೆ ನಾನು ಅಂದಾನೆಪ್ಪ ಅಜ್ಜನಿಗೆ ನಮಸ್ಕಾರ ಮಾಡುತ್ತಲೇ ಬರುತ್ತಿದ್ದೇನೆ ಎನಿಸಿರಬೇಕು. ಗೂಳಪ್ಪ ಅಂಗಡಿಯಿಂದ ಹೊರಗೆ ಬಂದು, "ಎತ್ತಿಗೆ ಈಗ ನೊಗಾನೂ ಹೂಡ್ಯಾರ ಬಿಡ್ರಿ" ಎಂದ.

ಸೀದಾ ಕಾಕುವಿನ ಮುಂದೆ ಹೋಗಿ ತಲೆ ತೋರಿಸಿದೆ. ನೆತ್ತಿಯ ಮೇಲೆ ಬುಗುಟು ಎದ್ದಿತ್ತು.

"ನೋಡ್ರಿ ಕಾಕು. ಮೊದಲು ಕಾಲಿಲೆ ಒದೀತಿದ್ದೆ. ಈಗ ತಲೀಲೆ ಗುದ್ದಾಕತ್ತೇನಿ, ಅಜ್ಜ ಕುಂತ ತಗಡಿಗೇ."

ಕಾಕು ಬುಗುಟನ್ನು ಮುಟ್ಟಿ ನೋಡಿದಳು. "ನೀ ಗುದ್ದಿದ್ದಲ್ಲೋ ಇದು, ಅವ ಹೊಡದದ್ದು. ನಮ್ಮ ಮಾವಗ ಬದುಕಿದ್ದಾಗಿಂದ ಈ ಚಟ ಇತ್ತು. ಯಾರ ಬಂದ್ರೂ ಮೊದಲು ತಲಿ ಮ್ಯಾಲೆ ಒಂದು ಕೊಡಾಂವ." ಆಮೇಲೆ ಒಳಗೆ ತಿರುಗಿ, "ಕೇಳ್ರಿಲ್ಲಿ, ನಿಮ್ಮಪ್ಪನ್ನ ಇನ್ನೊಂದಷ್ಟು ಮ್ಯಾಲೆ ಏರಸ್ರಿ. ಹುಡುಗನ ತಲಿ ಒಡದೀತು" ಎಂದಳು.

ಅಜ್ಜ ಮೇಲೇರಿದರು. ಈ ಸಲ ಅಳತೆಗೆ ನಾನೇ ಕೂತೆ.

ಉಳಿದದ್ದು ಸೌಂಡ್ ಬಾಕ್ಸು. ಅದಕ್ಕೆ ನಾನು ಹೆಚ್ಚು ಕಷ್ಟಪಡಲಿಲ್ಲ. ಬೇಕೆಂದೇ ಕಾಕುವಿನ ಮನೆಯ ಎದುರು ಗಾಡಿ ನಿಲ್ಲಿಸಿ, ಅದರಲ್ಲಿದ್ದ ಅತಿ ಕೆಟ್ಟ ಹಾಡನ್ನು ಅತಿ ಜೋರಾಗಿ ಹಚ್ಚಿದೆ. ಹುಡುಗಿಯ ಸೊಂಟದ ವರ್ಣನೆ ಎರಡನೇ ಸಾಲಿಗೇ ಬಂತು. ಕಾಕು ಹೊರಗೆ ಬಂದು ಹಾಡಿನ ಕಡೆಗಲ್ಲ, ಫೋಟೋದ ಕಡೆಗೆ ನೋಡಿದಳು. ಮಾವ ಸೌಂಡ್ ಬಾಕ್ಸಿಗೆ ಎದುರಾಗಿ, ಮೀಸೆ ತಿರುವಿಕೊಂಡು, ಕೇಳುತ್ತ ಕೂತಿದ್ದ.

"ಅಜ್ಜಗ ಹಾಡು ಸೇರ್ತಿತ್ತೇನ್ರಿ?" ಎಂದೆ ಮುಗ್ಧನಾಗಿ.

"ಮನ್ಯಾಗ ರೇಡಿಯೋ ಹಚ್ಚಿದ್ರ ಬಾವಿಗೆ ಒಗದಾಂವ ಅಂವ."

ಬಾಕ್ಸು ಮನೆಯೊಳಗೆ ಹೋಯಿತು. ಈಗ ಅದರ ಮೇಲೆ ಕಾಕು ಅಕ್ಕಿ ಡಬ್ಬಿ ಇಟ್ಟಿದ್ದಾಳೆ. ನಾನು ಸೀಟಿನ ಕೆಳಗಿನ ಹಿಡಿಕೆ ಎಳೆದೆ. ಮೊದಲು ಕೊಸರಾಡಿತು, ಆಮೇಲೆ ಕಟಕ್ ಎಂದು ಸೀಟು ಹಿಂದೆ ಸರಿಯಿತು. ಮೊಣಕಾಲು ಸ್ಟೇರಿಂಗಿನ ಕೆಳಗೆ ಇಳಿದವು. ಅಲ್ಲಿ ಅಷ್ಟು ಜಾಗ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಊರ ಮುಂದಿನ ರಸ್ತೆಯಲ್ಲಿ ಯಾವ ಕಾರಣವೂ ಇಲ್ಲದೆ ಎರಡು ಸಲ ಹೋಗಿ ಬಂದೆ.

ಈ ನಡುವೆ ಶಂಕ್ರವ್ವನ ಮುಂಡಗೋಡದ ಗಾಡಿಯವನು ಇವತ್ತು ನಾಳೆ ಎಂದು ಬರಲೇ ಇಲ್ಲ. ಕಬ್ಬು ಕಾಯುವುದಿಲ್ಲ. ಕಡೆಗೆ ಅವಳು ತಾನೇ ಕಾಕಾನ ಮನೆಗೆ ಬಂದು, ಬಾಗಿಲ ಹೊರಗೇ ನಿಂತು, "ಮೊದಲು ಒಂದ ಸಾಲು ಹೊಡೀಲಿ. ನೋಡಿ ಮುಂದಿನ ಮಾತು" ಎಂದಳು.

ಹೊಲದಲ್ಲಿ ಅವಳು ಸಾಲಿನ ಆ ತುದಿಗೆ ಹೋಗಿ ಬಡಿಗೆ ಊರಿ ಕೂತಳು. ನಾನು ಈ ತುದಿಯಲ್ಲಿ ಗಾಡಿ ನಿಲ್ಲಿಸಿ ಗೇರು ಹಾಕುವಷ್ಟರಲ್ಲಿ ಕಾಕಾ ಎಂದಿನಂತೆ ಮಡ್‌ಗಾರ್ಡು ಏರಿದರು. ಬಲಗಡೆಯ ಗಾಲಿ ಅವರ ಹೊಟ್ಟೆಯ ಹಿಂದೆ ಮಾಯವಾಯಿತು. ಕಾಕಾ ಚಂಚಿ ತೆಗೆದು, ಅಂಗೈಯಲ್ಲಿ ತಂಬಾಕು ಹಾಕಿ, ಸುಣ್ಣ ತಿಕ್ಕತೊಡಗಿದರು.

"ಕಾಕಾ" ಎಂದೆ ದನಿ ಇಳಿಸಿ. "ಅಜ್ಜ ನೋಡಾಕತ್ತಾರ."

ಕಾಕಾ ತಲೆ ಎತ್ತಿದರು. ಛಾವಣಿಯ ಅಂಚಿನಿಂದ ಅಂದಾನೆಪ್ಪ ಅಜ್ಜ ನೇರ ಅವರ ಅಂಗೈಯನ್ನೇ ನೋಡುತ್ತಿದ್ದರು. ಬಾನೆಟ್ಟಿನ ಮೇಲಿದ್ದಾಗ ಬೆನ್ನು ಈ ಕಡೆ ಇತ್ತು, ಅಡ್ಡಿಯಿರಲಿಲ್ಲ. ಅರವತ್ತು ದಾಟಿದರೂ ಕಾಕಾ ಅಪ್ಪನೆದುರು ಒಮ್ಮೆಯೂ ತಂಬಾಕು ಹಾಕಿದವರಲ್ಲ. ಮುಷ್ಟಿ ತಾನಾಗಿಯೇ ಮುಚ್ಚಿಕೊಂಡು ಬೆನ್ನ ಹಿಂದೆ ಹೋಯಿತು. ಮಾಸ್ತರು ಬಂದಾಗ ಬೀಡಿ ಅಡಗಿಸಿದವರಂತೆ ಕೂತರು. ಆದರೆ ತಂಬಾಕಿಲ್ಲದೆ ಬಾಯಿ ಕೇಳಲಿಲ್ಲ.

"ನೀ ನಡಿ" ಎಂದು ಕೆಳಗಿಳಿದರು. "ನಾ ಆ ಮತ್ತಿ ಗಿಡದ ನೆರಳಿಗೆ ಕುಂದರತೇನಿ. ಇಲ್ಲಿ ಧಗಿ ಭಾಳ." ಹೊಚ್ಚ ಹೊಸ ಛಾವಣಿಯ ಕೆಳಗೆ ನಿಂತು ಹೇಳಿದ ಮಾತದು. ಹೋಗಿ ಗಿಡದ ಆ ಮಗ್ಗುಲಲ್ಲಿ, ಗಾಡಿಗೆ ಕಾಣದಂತೆ ಕೂತರು.

ನಾನು ಎದುರಿಗೆ ನೋಡಿದೆ. ಎರಡು ವರ್ಷದಲ್ಲಿ ಮೊದಲ ಸಲ, ಹೊಲದಲ್ಲಿ ಬಾನೆಟ್ಟಿನ ಆಚೆ ಏನಿದೆ ಎಂದು ಕಂಡಿತು. ಶಂಕ್ರವ್ವ ಇದ್ದಳು. ಎಡಗಾಲಿ, ಬಲಗಾಲಿ, ಎರಡೂ ಕಡೆಯ ಕಬ್ಬಿನ ಬುಡ, ನಡುವಿನ ಕೆಂಪು ಮಣ್ಣು, ಅದರ ತುದಿಗೆ ಬಡಿಗೆ ಊರಿಕೊಂಡ ಮುದುಕಿ. ಬಾಗಲಿಲ್ಲ, ಎಗರಲಿಲ್ಲ. ಕುರ್ಚಿಯಲ್ಲಿ ಕೂತ ಸಾಹೇಬನಂತೆ ಕೂತು ಅವಳ ಮೂಗಿನ ನತ್ತಿಗೆ ಗುರಿಯಿಟ್ಟು ಹೋದೆ. ಜೀವ ಬಾಯಿಗೆ ಬಂದಿತ್ತು, ಅದು ಬೇರೆ ಮಾತು. ಒಂದು ಸಸಿ ಮುರಿದರೆ ಕೀಲಿ ಹೋಗುತ್ತಿತ್ತು, ಎತ್ತು ಎಂಬ ಹೆಸರು ಮಾತ್ರ ಸಾಯುವ ತನಕ ಉಳಿಯುತ್ತಿತ್ತು.

ಗಾಡಿ ಅವಳ ಮುಂದೆ ನಿಂತಿತು. ಅವಳು ಎದ್ದು, ನನ್ನನ್ನು ನೋಡದೆ, ಸಾಲಿಗುಂಟ ನಡೆದಳು. ಒಂದು ಕಡೆ ಬಗ್ಗಿದಳು. ಒಂದು ಸಸಿ ವಾಲಿತ್ತು. ಅವಳು ಅದನ್ನು ಕಿತ್ತು ಬುಡ ತಿರುಗಿಸಿ ನೋಡಿ ಒಗೆದಳು.

"ಇದು ಇಲಿ ಕಡದದ್ದು" ಎಂದಳು. "ಉಳದದ್ದೂ ಹೊಡಿ."

ಮರುದಿನ ಬೆಳಿಗ್ಗೆ ಗೂಳಪ್ಪನ ಅಂಗಡಿ. ಅದೇ ಬಸ್ಸು, ಅದೇ ಜನ. ಗೂಳಪ್ಪನ ಮೊಬೈಲಿನಲ್ಲಿ ಹೊಸ ಫೋಟೋ, ದಾರ ಹಿಡಿದು ಎಳೆದಂಥ ಸಾಲುಗಳು. ಮೊಬೈಲು ಕೈಯಿಂದ ಕೈಗೆ ಹೋಯಿತು. ಮೂರು ಮಂದಿ ಆಗಲೇ ಗಾಡಿ ತಮ್ಮ ಹೊಲಕ್ಕೂ ಬೇಕೆಂದು ಹೇಳಿದ್ದರು. ಈಗ ಯಾರಾದರೂ ಒಂದು ಮಾತು ಹೇಳುತ್ತಾರೆ ಎಂದು ನಾನು ಚಹದ ಲೋಟದೊಳಗೆ ನೋಡುತ್ತ ಕೂತೆ.

ಹೇಳಿದವರು ಕಾಕಾ. "ನಮ್ಮಪ್ಪನ ಆಶೀರ್ವಾದ. ಮ್ಯಾಲೆ ಕುಂತು ದಾರಿ ತೋರಿಸ್ಯಾನ. ಇಲ್ಲಾಂದ್ರ ಈ ಎತ್ತಿನ ಕಡಿಂದ ಇಂಥಾ ಸಾಲು ಬರತಿತ್ತೇನು?"

ಜನ ತಲೆಯಾಡಿಸಿದರು. ಒಬ್ಬ ರಸ್ತೆಯಾಚೆ ನಿಂತ ನಮ್ಮ ಟ್ರ್ಯಾಕ್ಟರಿನ ಛಾವಣಿಗೆ ಕೈಯನ್ನೂ ಮುಗಿದ. ನಾನು ಬಾಯಿ ತೆರೆದರೆ ಎಲ್ಲ ಹೊರಗೆ ಬರುತ್ತಿತ್ತು. ಕೈ ನನ್ನದು, ಕಣ್ಣು ನನ್ನದು, ನಿಮ್ಮಪ್ಪ ಮುಂದಿನಿಂದ ಎದ್ದುಹೋದದ್ದೇ ಅವನು ಮಾಡಿದ ಉಪಕಾರ ಎಂದು.

"ಹಂಗಾದ್ರ ಮಲಕಪ್ಪಾ" ಎಂದಳು ಮೂಲೆಯಲ್ಲಿ ಕೂತ ಶಂಕ್ರವ್ವ. "ನಿಮ್ಮಪ್ಪ ಬಾನೆಟ್ಟಿನ ಮ್ಯಾಲೆ ಇದ್ದಾಗ ದಾರಿ ಯಾಕ ತೋರಿಸಲಿಲ್ಲ? ಆವಾಗ ಇನ್ನೂ ಮುಂದ ಇದ್ದನಲ್ಲ."

ಗೂಳಪ್ಪ ಚಹ ಸೋಸುವುದನ್ನು ನಿಲ್ಲಿಸಿದ. ಕಾಕಾನ ಮುಖದ ಮೇಲೆ ಒಂದೊಂದೇ ನೆನಪು ಹಾದುಹೋಗುವುದು ನನಗೆ ಕಾಣುತ್ತಿತ್ತು. ಅಪ್ಪನ ಬೆನ್ನು, ಛಾವಣಿ, ಸೌಂಡ್ ಬಾಕ್ಸು, ತಂಬಾಕು. ನಿಧಾನವಾಗಿ ನನ್ನ ಕಡೆ ತಿರುಗಿದರು.

"ಲೇ ರಾಕ್ಯಾ. ಖರೇ ಹೇಳು. ನಮ್ಮಪ್ಪಗ ಕಾಲು ತಾಕತಾವು ಅಂದದ್ದು ಪಾಪಕ್ಕ ಹೆದರಿ ಅಂದದ್ದೋ, ಏನ ನಿನ್ನ ಆರಾಮಕ್ಕ ಅಂದದ್ದೋ?"

ಎಲ್ಲರೂ ನನ್ನನ್ನೇ ನೋಡಿದರು. ನನ್ನ ಆರಾಮಕ್ಕೇ ಎಂದರೆ ಸಾಲು ನನ್ನದಾಗುತ್ತಿತ್ತು, ಊರೆಲ್ಲ ನನ್ನ ಹೆಸರು ಹೇಳುತ್ತಿತ್ತು. ಅಜ್ಜ ಮಾತ್ರ ಸಂಜೆಯೊಳಗೆ ಬಾನೆಟ್ಟಿನ ಮೇಲೆ ವಾಪಸ್ಸು ಬರುತ್ತಿದ್ದರು. ಶಂಕ್ರವ್ವ ಬಡಿಗೆಯ ಮೇಲೆ ಗದ್ದ ಇಟ್ಟು, ನಗು ಕಾಣದಂತೆ ಸೆರಗು ಬಾಯಿಗೆ ಹಿಡಿದಿದ್ದಳು.

ಸೀಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಅದನ್ನು ಬಿಚ್ಚಿಸಲೂ ಅಜ್ಜನ ಹೆಸರಿನಲ್ಲೇ ಒಂದು ಮಾತು ಹೇಳಬೇಕಿತ್ತು.

ಲೋಟ ಕೆಳಗಿಟ್ಟೆ. ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಎದ್ದು, ರಸ್ತೆ ದಾಟಿ ಗಾಡಿಯ ಕಡೆ ನಡೆದೆ.